ಬಲದಿಂದ ಓದಬೇಕಾದ ಪುಟ

ಇಳಕಲ್ಲ,
೪ ಡಿಸೆಂಬರ್ ೧೯೮೬

ಸಂಪಾದಕರೇ,

ರಾಕ್ ವಾದ್ಯತಂಡ ಕಟ್ಟುವ ಹುಡುಗ ಹುಡುಗಿಯರ ಜಪಾನಿ ಚಿತ್ರಕಥೆಯನ್ನು ನೀವು ವಾರವಾರ ಅಚ್ಚು ಹಾಕುತ್ತಿದ್ದೀರಿ. ಜಪಾನಿ ಪುಟವನ್ನು ಉರ್ದುವಿನಂತೆ ಬಲದಿಂದ ಓದಬೇಕೆಂಬುದು ನಿಮ್ಮ ಕಚೇರಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ೧೯೭೨ರಲ್ಲಿ ಧಾರಾವಾಹಿಯ ಏಳನೆಯ ಕಂತನ್ನು ಆರನೆಯದಕ್ಕಿಂತ ಮೊದಲು ಹಾಕಿದವರಿಂದ ಇನ್ನೇನು ನಿರೀಕ್ಷಿಸಲಿ?

ಕಳೆದ ವಾರದ ಮೂರು ಚಿತ್ರಗಳಲ್ಲಿ ಅಪ್ಪ ಮಗಳ ಡ್ರಮ್ಮಿನ ಚರ್ಮ ಹರಿಯುತ್ತಾನೆ, ಆಮೇಲೆ ತಾನೇ ಹೊಸದು ಬಿಗಿಯುತ್ತಾನೆ, ಅವಳು ಬಾರಿಸುತ್ತಾಳೆ. ನಿಮ್ಮಂತೆ ಎಡದಿಂದ ಓದಿದರೆ ಅವಳು ಬಾರಿಸುತ್ತಾಳೆ, ಕೊನೆಗೆ ಅಪ್ಪ ಚರ್ಮ ಹರಿಯುತ್ತಾನೆ.

ನಮ್ಮ ನೆರೆಮನೆಯ ಬಂಡೆಪ್ಪ ಅದನ್ನು ನೋಡಿ, "ಜಪಾನದ ಅಪ್ಪನೂ ಭಾಳ ಶ್ಯಾಣ್ಯಾ ಅದಾನ್ರಿ" ಎಂದ. ಮಗಳು ಪದ್ಮವ್ವ ಸಾಲಿಯ ವಾರ್ಷಿಕ ಗ್ಯಾದರಿಂಗಿಗೆಂದು ಗೆಳತಿಯರೊಡನೆ ಬಾರಿಸುತ್ತಿದ್ದ ಡೊಳ್ಳನ್ನು ಅಟ್ಟಕ್ಕೇರಿಸಿದ. ಚಿತ್ರ ತಿರುವುಮುರುವಾಗಿದೆ ಎಂದು ನಾನು ತಿಳಿಹೇಳಿದೆ. "ಅಚ್ಚಾಗಿದ್ದು ಸುಳ್ಳಿರ್ತೈತೇನ್ರಿ, ರಾಚಪ್ಪನವರ?" ಎಂದು ನಕ್ಕ.

ಗ್ಯಾದರಿಂಗ್ ಇದೇ ಹದಿನೈದಕ್ಕೆ. ಮುಂದಿನ ಸಂಚಿಕೆಗೆ ಕಾಯಬೇಡಿ. ಚಿತ್ರಗಳನ್ನು ಕತ್ತರಿಸಿ, ಸರಿಯಾಗಿ ಅಂಟಿಸಿ, ನಿಮ್ಮ ಸಹಿ ಮತ್ತು ಮೊಹರು ಹಾಕಿ, ಅವನ ಹೆಸರಿಗೇ ಅಂಚೆಯಲ್ಲಿ ಕಳಿಸಿ. ನಿಮ್ಮನ್ನು ಇನ್ನೂ ನಂಬುವ ಓದುಗ ಈ ಓಣಿಯಲ್ಲಿ ಅವನೊಬ್ಬನೇ ಉಳಿದಿದ್ದಾನೆ.

ನಿಮ್ಮ ಹಳೆಯ ಚಂದಾದಾರ,
ರಾಚಪ್ಪ