ಮುನ್ನೂರ ಹನ್ನೆರಡನೇ ಕೋಣೆಯ ಮೇಜಿನ ಮೇಲೆ

ಸದರ್ನ್ ಸ್ಟಾರ್ ಹೋಟೆಲ್, ಮೂರನೇ ಮಹಡಿ
ಸುವಾ
ಶನಿವಾರ, 14 ಆಗಸ್ಟ್ 2004

ಕೆಲೆರಾಳ ಅಪ್ಪ ಅಪೊರೊಸನಿಗೆ,

ಉನಾಯಿಸಿಯ ಬುಲಾ, ನಮಸ್ಕಾರ. ಮೊದಲು 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಕಾಣುತ್ತಿರಬೇಕು. ಕೋಪದಿಂದಲ್ಲ. ಏಳು ವರ್ಷ ಬಳಸದೆ ಇಟ್ಟ ಮಾತು, ಬರೆಯುವಾಗ ಕೈ ತಡೆಯಿತು.

ನಿನ್ನ ಕುರ್ಚಿಯಲ್ಲೇ ಕೂತು ಬರೆಯುತ್ತಿದ್ದೇನೆ. ಹೆದರಬೇಡ. ಪೊಲೀಸರನ್ನು ಕರೆತಂದಿಲ್ಲ, ಅಣ್ಣ ಸೈರುಸಿಯನ್ನೂ ಕರೆತಂದಿಲ್ಲ. ಜೊತೆಗಿರುವವಳು ಪಕ್ಕದ ಮನೆಯ ರಾಮ್‌ರತಿ ಒಬ್ಬಳೇ. ಹೋಟೆಲು ನಡೆಯುತ್ತಿದ್ದಾಗ ಗೇಟಿನ ಹತ್ತಿರ ಬುಟ್ಟಿಯಿಟ್ಟುಕೊಂಡು ಹುರಿದ ಬಟಾಣಿ ಮಾರುತ್ತಿದ್ದಳಲ್ಲ, ಅವಳೇ. ಕಾಗದ ಸಿಕ್ಕಿದ್ದು ಕೆಳಗೆ ಸ್ವಾಗತ ಕಟ್ಟೆಯ ಹಿಂದಿನ ಖಾನೆಯಲ್ಲಿ. ಮೂಲೆಯಲ್ಲಿ ಹೋಟೆಲಿನ ನಕ್ಷತ್ರ ಇನ್ನೂ ಹೊಳೆಯುತ್ತಿದೆ. ಪೆನ್ನು ರಾಮ್‌ರತಿಯದು.

ಮುಂದಿನ ತಿಂಗಳ ಮೊದಲ ಸೋಮವಾರದಿಂದ ಕಟ್ಟಡ ಕೆಡವುತ್ತಾರೆಂದು ರಸ್ತೆ ಬದಿಯ ತಗಡಿನ ಬೇಲಿಗೆ ಚೀಟಿ ಅಂಟಿಸಿದ್ದಾರೆ. ನೀನು ಹಿಂದಿನಿಂದ ಓಡಾಡುವವನು, ಓದಿದ್ದೀಯೋ ಇಲ್ಲವೋ. ಹದಿನಾಲ್ಕು ವರ್ಷ ದುಡಿದ ಜಾಗ, ಕೆಡವುವ ಮೊದಲು ಒಂದು ಸಲ ನೋಡಿಬಿಡೋಣ ಎನಿಸಿತು. ರಾಮ್‌ರತಿಗೆ ಹೇಳಿದೆ, ಇಬ್ಬರೂ ಬಂದೆವು. ಅಷ್ಟೇ.

ಅಡುಗೆಮನೆಯ ಹಿಂದೆ ತಗಡು ಸಡಿಲವಾಗಿರುವ ಕಡೆ ನುಗ್ಗಿದೆವು. ನಾನು ಸಿಕ್ಕಿಹಾಕಿಕೊಂಡೆ. "ಹೊಟ್ಟೆ ಒಳಗೆ ಎಳ್ಕೊಳ್ಳೇ ಉನಾ, ಇಲ್ಲಾಂದ್ರೆ ಮುಂದಿನ್ ತಿಂಗ್ಳು ಬುಲ್ಡೋಜರ್ ಬರೋತನಕ ಇಲ್ಲೇ ನಿಂತಿರ್ಬೇಕಾಗತ್ತೆ" ಎಂದು ರಾಮ್‌ರತಿ ಒಳಗಿನಿಂದ ಕೈ ಹಿಡಿದು ಎಳೆದಳು. ದೊಡ್ಡ ಒಲೆಗಳೆಲ್ಲ ಯಾವಾಗಲೋ ಕಳುವಾಗಿವೆ. ಗೋಡೆಯಲ್ಲಿ ನಲ್ಲಿಗಳಿದ್ದ ಕಡೆ ಬರೀ ತೂತು. ಮುಂದಿನ ಹಜಾರದಲ್ಲಿ ಗಾಜಿನ ಗೊಂಚಲು ದೀಪವಿಲ್ಲ, ಅದರ ಕೊಕ್ಕೆಯಲ್ಲಿ ಬಾವಲಿಗಳು ನೇತಾಡುತ್ತಿವೆ. ಮ್ಯಾನೇಜರನ ಕೋಣೆಯಲ್ಲಿ ಮೂರು ಕಾಲಿನ ಕುರ್ಚಿಯೊಂದು ಉಳಿದಿತ್ತು. ರಾಮ್‌ರತಿ ಅದನ್ನು ಗೋಡೆಗೆ ಒರಗಿಸಿ, ಕಾಲ ಮೇಲೆ ಕಾಲು ಹಾಕಿ ಕೂತಳು. "ಹದಿನೈದು ವರ್ಷ ಈ ಗೇಟಲ್ಲಿ ಕೂತಿದ್ದೆ, ಒಂದು ದಿನ ಒಳಗೆ ಬಿಡಲಿಲ್ಲ. ಈಗ ನೋಡು. ಏಯ್, ಒಂದು ಟೀ ತಗೊಂಬಾ, ಸಕ್ಕರೆ ಜಾಸ್ತಿ ಇರ್ಲಿ!" ಎಂದಳು. ನಾನೂ ಹಳೆಯ ಹಾಗೆ ಕೈಕಟ್ಟಿ ಬಗ್ಗಿ "ಆಯ್ತು ಸಾರ್" ಎಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಲಿಫ್ಟು ಒಂದನೇ ಎರಡನೇ ಮಹಡಿಗಳ ನಡುವೆ ನಿಂತಿದೆ. ಬಟ್ಟೆಯ ಗಾಡಿಯೊಂದಿಗೆ ನೀನು ಅದರಲ್ಲಿ ಸಿಕ್ಕಿಬಿದ್ದ ದಿನ ನೆನಪಿದೆಯೇ? ನಾನು ಮೆಟ್ಟಿಲ ಮೇಲೆ ಕೂತು, ನೀನು ಗಾಬರಿಯಾಗಬಾರದೆಂದು ಎರಡು ಗಂಟೆ ಹೊತ್ತು ಬಾಗಿಲಿನ ಸಂದಿಯಲ್ಲಿ ಮಾತಾಡಿದೆ. ಆಗ ನೀನು ಹೊಸದಾಗಿ ಬಂದಿದ್ದೆ, ನಾನು ಮಹಡಿಯ ಮೇಲ್ವಿಚಾರಕಿ. ಬಾಗಿಲು ತೆರೆದಾಗ ನೀನು ಹೊರಗೆ ಬರಲು ಅವಸರ ಮಾಡಲಿಲ್ಲ ಎಂದು ಎಲ್ಲರೂ ನಮ್ಮನ್ನು ತಿಂಗಳುಗಟ್ಟಲೆ ಗೋಳುಹೊಯ್ದುಕೊಂಡರು.

ಎರಡನೇ ಮಹಡಿಯ ಕಿಟಕಿಯಿಂದ ಕೆಳಗೆ ನೋಡಿದೆ. ಈಜುಕೊಳದಲ್ಲಿ ಕೆಸುವಿನ ತೋಟ! ಎಂಟು ಸಾಲು, ಎಲೆಗಳು ಆನೆಯ ಕಿವಿಯಷ್ಟು ಅಗಲ. ಸಾಲಿನಿಂದ ಸಾಲಿಗೆ ಒಂದು ಹೆಜ್ಜೆ, ಗಿಡದಿಂದ ಗಿಡಕ್ಕೆ ಒಂದು ಮೊಳ, ಸುತ್ತ ನೀರಿಗೆ ಕಾಲುವೆ. ಕಂದಾವು ದ್ವೀಪದಲ್ಲಿ ನಿಮ್ಮೂರಿನವರು ಮಾತ್ರ ಹಾಗೆ ನೆಡುತ್ತಾರೆ. ನಾನು ಕಿಟಕಿಯ ಚೌಕಟ್ಟು ಹಿಡಿದು ನಿಂತೆ.

ಮೂರನೇ ಮಹಡಿಯಲ್ಲಿ ಎಲ್ಲ ಕೋಣೆಗಳ ಬಾಗಿಲುಗಳನ್ನೂ ಕಿತ್ತೊಯ್ದಿದ್ದಾರೆ. ಇದೊಂದಕ್ಕೆ ಮಾತ್ರ ಬಾಗಿಲಿತ್ತು, ಮುಚ್ಚಿತ್ತು. ನಾನು ಅಭ್ಯಾಸಬಲದಿಂದ ಎರಡು ಸಲ ತಟ್ಟಿ "ಹೌಸ್‌ಕೀಪಿಂಗ್" ಎಂದುಬಿಟ್ಟೆ. ಒಳಗೆ ಯಾರೂ ಇರಲಿಲ್ಲ.

ನಿನ್ನ ಕೋಣೆ ಚೊಕ್ಕಟವಾಗಿದೆ ಅಪೊರೊಸ. ಹಾಸಿಗೆಯ ಚಾದರದ ಮೂಲೆಗಳನ್ನು ನಾನು ಕಲಿಸಿದ ಹಾಗೆ ಲಕೋಟೆಯಂತೆ ಮಡಿಸಿದ್ದೀಯ. ಎಡಗೈಯವನಾದ್ದರಿಂದ ಮಡಿಕೆ ಉಲ್ಟಾ. ಅದಕ್ಕಾಗಿ ಎಷ್ಟು ಸಲ ನಿನ್ನನ್ನು ಬೈದಿದ್ದೆ! ಈ ಊರಿನಲ್ಲಿ ಇನ್ನಾರೂ ಹಾಗೆ ಮಡಿಸುವವರಿಲ್ಲ.

ಆಮೇಲೆ ಗೋಡೆ ನೋಡಿದೆ. ಪತ್ರಿಕೆಯಿಂದ ಕತ್ತರಿಸಿದ ಚಿತ್ರ, ಕಳೆದ ವರ್ಷ ನರ್ಸಿಂಗ್ ಶಾಲೆಯಿಂದ ಹೊರಬಂದ ಹುಡುಗಿಯರು. ಕೆಳಗಿನ ಹೆಸರಿನ ಸಾಲು ಅರ್ಧ ಹರಿದುಹೋಗಿದೆ. ಅದರಲ್ಲಿ ನೀನು ಎರಡು ಮುಖಗಳಿಗೆ ಸುತ್ತು ಗೆರೆ ಹಾಕಿದ್ದೀಯ. ಎರಡರಲ್ಲಿ ಮಗಳು ಯಾರೆಂದು ಗೊತ್ತಾಗಲಿಲ್ಲ, ಅಲ್ಲವೇ? ಹನ್ನೊಂದು ವರ್ಷದ ಹಿಂದೆ ನೀನು ದುಡಿಯಲು ಹಡಗು ಹತ್ತುವಾಗ ಅವಳಿಗೆ ಹತ್ತು ವರ್ಷ, ಕೋರೆಹಲ್ಲೊಂದು ಬಿದ್ದಿತ್ತು. ಎಡಗಡೆಯವಳು ನಮ್ಮವಳು. ಇನ್ನೊಬ್ಬಳು ಯಾರದೋ ಮನೆಯ ಮಗು, ಅವಳ ಸುತ್ತಿನ ಗೆರೆಯನ್ನು ಅಳಿಸಿಬಿಡು.

ಆ ಚಿತ್ರದ ಮುಂದೆ ನಿಂತು ರಾಮ್‌ರತಿ ಅತ್ತಳು. "ಇಷ್ಟು ದಿನ ಈ ಗಂಡಸನ್ನ ಬೈದು ಬೈದು ನನ್ನ ಬಾಯಿ ನೋಯ್ತಿತ್ತು, ಈಗ ಏನ್ ಮಾಡ್ಲಿ ಹೇಳು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನಾನು ಕೆಳಗಿರ್ತೀನಿ, ಕೆಸುವಿನ ಸೊಪ್ಪು ಕುಯ್ಕೋತೀನಿ. ನೀನು ಹೇಳ್ಬೇಕಾದ್ದನ್ನ ಇವತ್ತಾದ್ರೂ ಹೇಳ್ಬಿಡು" ಎಂದು ಹೋದಳು. ನಮ್ಮ ಬೀದಿಯಲ್ಲಿ ಅದು ಗೊತ್ತಿರುವವಳು ಅವಳೊಬ್ಬಳೇ.

ಹೇಳುತ್ತೇನೆ. ನಾಲ್ಕು ವರ್ಷ ನಿನ್ನ ಪತ್ರಗಳು ಬಂದವು, ನಿಂತವು. ಪಪೀಟೆ ಬಂದರಿನಲ್ಲಿ ಒಬ್ಬ ಹೆಂಗಸಿನೊಂದಿಗೆ ಸಂಸಾರ ಹೂಡಿದ್ದೀಯೆಂದು ನಿನ್ನ ಹಡಗಿನವನೇ ಬಂದು ಹೇಳಿದ. ಭಾನುವಾರ ಚರ್ಚಿನಲ್ಲಿ ಹೆಂಗಸರು ನನಗೆ ಜಾಗ ಬಿಟ್ಟು ಸರಿದು ಕೂರತೊಡಗಿದರು. ಆ ಕನಿಕರಕ್ಕಿಂತ ಬೈಗುಳವೇ ವಾಸಿ ಎನಿಸುತ್ತಿತ್ತು. ಹಾಗಿರುವಾಗ 1999ರ ಮೇ ತಿಂಗಳಲ್ಲಿ ನಿನ್ನ ಪತ್ರ ಬಂತು. ಆ ಹೆಂಗಸನ್ನು ಬಿಟ್ಟಿದ್ದೇನೆ, ಸೊಂಟ ಬಿದ್ದು ಹಡಗಿನ ಕೆಲಸವೂ ಹೋಯಿತು, ತಪ್ಪು ನನ್ನದು, ಬಾ ಎಂದು ಒಂದು ಸಾಲು ಬರೆದರೆ ಬರುತ್ತೇನೆ, ಬರೆಯದಿದ್ದರೆ ನಿನ್ನ ಕಣ್ಣಿಗೆ ಬೀಳುವುದಿಲ್ಲ ಎಂದು ನೀನು ಬರೆದಿದ್ದೆ.

ಆ ಪತ್ರ ನನಗೆ ಬರಲೇ ಇಲ್ಲವೆಂದು ನೀನು ಸಮಾಧಾನ ಮಾಡಿಕೊಂಡಿರಬಹುದು. ಬಂದಿತ್ತು. ಮನೆಯ ಗೇಟಿನ ಹತ್ತಿರ ನಿಂತೇ ಮೂರು ಸಲ ಓದಿದೆ. ಒಳಗೆ ಹೋಗಿ ಒಲೆಗೆ ಹಾಕಿದೆ. ಮೇಲೆ ಮರಗೆಣಸು ಬೇಯುತ್ತಿತ್ತು. "ಏನಮ್ಮ ಅದು?" ಎಂದು ಕೆಲೆರಾ ಕೇಳಿದಳು. "ನೀರಿನ ಬಿಲ್ಲು" ಎಂದೆ.

ಅವಳು ಇವತ್ತಿಗೂ ಅಪ್ಪ ತನ್ನನ್ನು ಮರೆತನೆಂದೇ ನಂಬಿದ್ದಾಳೆ. ಶಾಲೆ ಮುಗಿಸಿದ ದಿನ, "ಅಪ್ಪ ಸತ್ತಿದ್ರೆ ಪರವಾಗಿಲ್ಲಮ್ಮ, ಬದುಕಿದ್ದೂ ಬರ್ಲಿಲ್ಲ ಅಂದ್ರೆ ಬೇಜಾರಾಗತ್ತೆ" ಎಂದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ನೀನು ಹೋದದ್ದು ನಿನ್ನ ತಪ್ಪು. ಬರದೆ ಉಳಿದದ್ದರಲ್ಲಿ ಅರ್ಧ ನನ್ನದು.

ಇನ್ನೊಂದಿದೆ. ನಿನಗೆ ಯಾರಾದರೂ ಹೇಳಿದ್ದಾರೋ ತಿಳಿಯದು. ನಿನ್ನ ಅವ್ವ ಮೂರು ವರ್ಷದ ಹಿಂದೆ ತೀರಿಕೊಂಡರು, ಜುಲೈ ತಿಂಗಳಲ್ಲಿ, ಊರಿನಲ್ಲೇ. ಈ ಸಾಲು ಓದುವಾಗ ನೀನು ಒಬ್ಬನೇ ಇರುತ್ತೀಯ ಎಂಬುದೇ ನನಗೆ ಸಂಕಟ. ಸ್ವಲ್ಪ ಹೊತ್ತು ಪತ್ರ ಕೆಳಗಿಡು.

ನಾನೂ ಕೆಲೆರಾಳೂ ದೋಣಿಯಲ್ಲಿ ಹೋಗಿದ್ದೆವು. ಕೊನೆಯ ಹನ್ನೊಂದು ದಿನ ಅವರ ಹತ್ತಿರವೇ ಇದ್ದೆ. ನೋವು ಹೆಚ್ಚಿರಲಿಲ್ಲ. ಮಣ್ಣು ಮಾಡುವಾಗ ದೇಹಕ್ಕೆ ಹೊದಿಸಿದ ಚಾಪೆಗಳಲ್ಲಿ ಮೇಲಿನದು ನಿನ್ನ ಹೆಸರಿನಲ್ಲಿ ನಾನು ನೇಯ್ದದ್ದು. ತೀರಿಕೊಳ್ಳುವ ಎರಡು ದಿನ ಮುಂಚೆ ನನ್ನ ಮಣಿಕಟ್ಟು ಹಿಡಿದುಕೊಂಡು, "ಅವ್ನಿಗೆ ಕಾಗದ ಬರ್ದ್ಯೇನವ್ವಾ?" ಎಂದು ಕೇಳಿದರು. "ಬರ್ದಿದ್ದೀನಿ ಅತ್ತೆ, ಬರ್ತಾನೆ" ಎಂದೆ. "ಬಂದ್ರೆ ಮೊದ್ಲು ಊಟ ಹಾಕು. ಬೈಯೋದು ಆಮೇಲೆ ಇದ್ದೇ ಇದೆ" ಎಂದು ನಕ್ಕರು. ಸಾಯುವವರ ಮುಂದೆ ಸುಳ್ಳು ಹೇಳಿದವಳು ನಾನು. ಇವತ್ತು ಬರೆಯುತ್ತಿರುವುದು ಆ ಕಾಗದವನ್ನೇ. ಮೇಜಿನ ಮೇಲೆ ಬಾಳೆಲೆಯಲ್ಲಿ ಸುತ್ತಿಟ್ಟದ್ದು ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನು. ಇರುವೆ ಹತ್ತುವ ಮೊದಲು ತಿನ್ನು.

ಈಗ ಮುಂದಿನ ಮಾತು. ನಾಳೆ ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ ಮನೆಗೆ ಬಾ. ಅದೇ ಮನೆ, ನೀಲಿ ಬಣ್ಣ ಹೊಡೆಸಿದ್ದೇನೆ. ನಮ್ಮ ಪದ್ಧತಿಯಂತೆ ಮನೆಯ ಹಿರಿಯನ ಮುಂದೆ ಕೂತು ಕ್ಷಮೆ ಕೇಳಬೇಕಾಗುತ್ತದೆ. ಅದಕ್ಕೆ ಕಾಣಿಕೆಯಾಗಿ ತಿಮಿಂಗಿಲದ ಹಲ್ಲು ತರಬೇಕು, ಎಲ್ಲಿಂದ ತರಲಿ ಎಂಬ ಯೋಚನೆಯೇ ನಿನ್ನನ್ನು ಇಷ್ಟು ದಿನ ಬೇಲಿಯ ಈಚೆ ನಿಲ್ಲಿಸಿದೆಯೆಂದು ಊಹಿಸಬಲ್ಲೆ. ಪಾನಕಕ್ಕೆ ಅರೆಯುವ ಯಂಗೋನಾ ಬೇರು ಒಂದು ಹಿಡಿ ತಂದರೆ ಸಾಕು. ಸೈರುಸಿ ಅಣ್ಣನನ್ನು ನಾನು ಒಪ್ಪಿಸುತ್ತೇನೆ. ನೀನು ತಲೆ ತಗ್ಗಿಸಿ ಕೂತಾಗ ಪಕ್ಕದಲ್ಲಿ ನಾನೂ ತಲೆ ತಗ್ಗಿಸಿ ಕೂರುತ್ತೇನೆ. ಕೇಳಬೇಕಾದ್ದು ನನ್ನದೂ ಇದೆ.

ಇವತ್ತು ಸಂಜೆ ಕೆಲೆರಾ ಆಸ್ಪತ್ರೆಯ ಕೆಲಸದಿಂದ ಬಂದ ಕೂಡಲೇ ಆ ಒಲೆಯ ವಿಷಯ ಅವಳಿಗೆ ಹೇಳುತ್ತೇನೆ. ಅವಳು ನನ್ನ ಮೇಲೆ ಕೂಗಾಡಬಹುದು, ಮಾತು ಬಿಡಬಹುದು. ನಾಳೆ ನೀನು ಬಂದಾಗ ಮನೆಯಲ್ಲಿ ಇಬ್ಬರು ತಪ್ಪಿತಸ್ಥರಿರುತ್ತಾರೆ, ಒಬ್ಬಳು ನ್ಯಾಯಾಧೀಶೆ ಇರುತ್ತಾಳೆ.

ಬಾ ಎಂದ ಮಾತ್ರಕ್ಕೆ ಎಲ್ಲ ಮೊದಲಿನಂತಾಯಿತೆಂದು ತಿಳಿಯಬೇಡ. ಹಿಂದಿನ ಕೋಣೆ ಖಾಲಿಯಿದೆ, ಅಲ್ಲಿರು. ಆ ಪಪೀಟೆಯ ಹೆಂಗಸಿನ ಮಾತು ಒಂದು ದಿನ ಕೇಳಿಯೇ ಕೇಳುತ್ತೇನೆ. ನೀನು ನಿಜ ಹೇಳಬೇಕು, ನಾನು ಪಾತ್ರೆ ಎಸೆಯಬಾರದು. ಅಷ್ಟರಮಟ್ಟಿಗೆ ಇಬ್ಬರಿಗೂ ವಯಸ್ಸಾಗಿದೆ.

ಕೆಳಗಿನಿಂದ ರಾಮ್‌ರತಿ ಕೂಗುತ್ತಿದ್ದಾಳೆ. ಏಳುತ್ತೇನೆ.

ನಿನ್ನನ್ನು ಬೈಯುವುದನ್ನೂ ಕಾಯುವುದನ್ನೂ ಒಟ್ಟಿಗೇ ಮಾಡಿಕೊಂಡು ಬಂದ,
ಉನಾಯಿಸಿ

ಮರೆತ ಮಾತು: ಇಷ್ಟೆಲ್ಲ ನಿಜ ಬರೆದ ಮೇಲೆ ಒಂದು ಸುಳ್ಳು ಉಳಿಸಿಹೋಗಲು ಮನಸ್ಸು ಬರುತ್ತಿಲ್ಲ. ಹಳೆಯ ಜಾಗ ನೋಡಲು ನಾವು ಬಂದದ್ದಲ್ಲ. ಜೂನ್ ತಿಂಗಳಲ್ಲಿ ರಾಮ್‌ರತಿ ಮಾರುಕಟ್ಟೆಯಿಂದ ಓಡಿಬಂದು, "ನಿನ್ ಗಂಡನ ಥರಾನೇ ಒಬ್ಬ ಕೈಗಾಡಿ ತಳ್ತಿದ್ದ ಕಣೇ. ಸೊರಗಿದಾನೆ, ಆದ್ರೆ ಆ ಕಿವಿ ಬೇರೆ ಯಾರಿಗಿರತ್ತೆ? ಹಿಂದೇನೇ ಹೋದೆ, ಹಳೇ ಹೋಟೆಲಿನ ಬೇಲಿಯೊಳಗೆ ನುಗ್ದ" ಎಂದಳು. ಅಂದಿನಿಂದ ಎಂಟು ಶನಿವಾರ ಹಿಂದಿನ ಓಣಿಯ ಬಸ್ ನಿಲ್ದಾಣದಲ್ಲಿ ಕೂತು, ನೀನು ಬೆಳಿಗ್ಗೆ ಬೇಲಿಯ ಸಂದಿಯಿಂದ ಹೊರಡುವುದನ್ನು ನೋಡಿದ್ದೇನೆ. ಪ್ರತಿ ಸಲವೂ ಕೂಗಲು ಎದ್ದು, ಬಂದ ಬಸ್ಸು ಹತ್ತಿ ಮನೆಗೆ ಹೋದೆ. ಸೈರುಸಿ ಅಣ್ಣನನ್ನು ಒಪ್ಪಿಸಿ ಹತ್ತು ದಿನವಾಯಿತು.

ಕಳೆದ ಶನಿವಾರ ಧೈರ್ಯ ಮಾಡಿ ಮಾರುಕಟ್ಟೆಗೇ ಬಂದೆ. ನೀನು ಅನಾನಸ್ ತುಂಬಿದ ಗಾಡಿ ತಳ್ಳಿಕೊಂಡು ಎದುರಿಗೇ ಬಂದೆ. ನಾನು ದಾರಿಯ ನಡುವೆ ನಿಂತುಬಿಟ್ಟೆ. ನನ್ನ ಮುಖ ನೋಡಿಯೇ ನೀನು, "ಸ್ವಲ್ಪ ಸರೀರಿ ತಾಯೀ, ಗಾಡಿ ತಾಗೀತು" ಎಂದೆ. ನಾನು ಸರಿದು ನಿಂತೆ. ಮನೆಗೆ ಬಂದು ಅತ್ತುಬಿಟ್ಟೆ, ಆಮೇಲೆ ಕನ್ನಡಿ ನೋಡಿಕೊಂಡು ನಕ್ಕೆ. ತಲೆಯೆಲ್ಲ ಬೆಳ್ಳಗಾಗಿದೆ ಅಪೊರೊಸ, ಮೈಯೂ ತುಂಬಿದೆ. ನಾಳೆ ಬಾಗಿಲು ತೆರೆದ ಮುದುಕಿಯನ್ನು, ಉನಾಯಿಸಿ ಇದ್ದಾಳಾ ತಾಯೀ ಎಂದು ಕೇಳಬೇಡ. ಅವಳೇ ನಾನು.