ಮದ್ದು ಹಾಕಿದ್ದು ನಾನೇ

ಕಲ್ಲುತೊರೆ
೩೧ ಫೆಬ್ರವರಿ ೨೧೯೫

ನೂರೆಪ್ಪತ್ತು ವರ್ಷ ಹಿಂದೆ ಇರುವ ಹಿರಿಯರಿಗೆ, ಜಲಕಾವಲು ಕಚೇರಿಯಲ್ಲಿ ಮೊಹರು ಒತ್ತುವ ಕೆಲಸ ಮಾಡಿ ಈ ವರ್ಷ ನಿವೃತ್ತಳಾದ ತಿಪ್ಪಮ್ಮನ ನಮಸ್ಕಾರ. ತಾರೀಖು ನೋಡಿ ಹುಬ್ಬೇರಿಸಬೇಡಿ. ಮೇ ತಿಂಗಳ ಬಿಸಿಲು ತಡೆಯಲಾರದೆ ನಮ್ಮ ಸರ್ಕಾರದವರು ಅದರಿಂದ ಮೂರು ದಿನ ಕಿತ್ತು ಫೆಬ್ರವರಿಗೆ ಅಂಟಿಸಿದರು. ಬಿಸಿಲು ಕಡಿಮೆಯಾಯಿತೇ? ಎಲ್ಲಿಯ ಮಾತು! ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮೂರಿಗೆ ನದಿಯಿಲ್ಲ. ಗಾಳಿಯಿಂದ ಹಿಂಡಿದ ನೀರು ಗುಡ್ಡದ ಮೇಲಿನ ಕೆರೆಗೆ ಬೀಳುತ್ತದೆ. ಅದಕ್ಕೆ ಮೋಡಗೆರೆ ಅನ್ನುತ್ತೇವೆ. ನಲ್ಲಿಯಲ್ಲಿ ಬಂದ ನೀರನ್ನು ಅವತ್ತೇ ಯಾರೂ ಕುಡಿಯುವುದಿಲ್ಲ. ನಿನ್ನೆಗೊಡ ಅಂತ ಪ್ರತಿ ಮನೆಯಲ್ಲೂ ಒಂದು ಕೊಡ ಇರುತ್ತದೆ. ಅದಕ್ಕೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಒಂದು ದಿನ ಇಟ್ಟು, ಊರಲ್ಲಿ ಯಾರಿಗೂ ಏನೂ ಆಗಿಲ್ಲ ಅಂತ ಖಾತ್ರಿಯಾದ ಮೇಲೆ ಕುಡಿಯುವುದು. ಎಲ್ಲರೂ ಹೀಗೆ ಕಾದು ಕೂತರೆ ಮೊದಲು ಕುಡಿಯುವವರು ಯಾರು ಅಂತ ನೀವು ನಗಬಹುದು. ನಾವೂ ಕೇಳಿಕೊಂಡಿದ್ದೇವೆ, ಉತ್ತರ ಸಿಕ್ಕಿಲ್ಲ.

ಮೋಡಗೆರೆಯ ನೀರುಗಂಟಿ, ಅಂದರೆ ತೂಬು ಕಾದು ಊರಿಗೆ ನೀರು ಬಿಡುವವನು, ಬೋರಣ್ಣ. ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನ ರಜೆ ಹಾಕದ ಮನುಷ್ಯ. ಹೋದ ವರ್ಷ ಒಂದು ಬೆಳಿಗ್ಗೆ, ಕೆರೆಯ ಬೇಲಿಯನ್ನು ಯಾರೋ ಕತ್ತರಿಸಿದ್ದು ಅವನ ಕಣ್ಣಿಗೆ ಬಿತ್ತು. ಏನಾದರೂ ಬೆರೆಸಿ ಹೋಗಿದ್ದರೆ ಅಂತ ಹೆದರಿ, ಕ್ಲೋರಿನ್ ಎರಡು ಪಾಲು ಸುರಿದ. ಆಮೇಲೆ ಬರೆಗಿವಿಗೆ ವರದಿ ಒಪ್ಪಿಸಿದ. ಬರೆಗಿವಿ ಅಂದರೆ ಕೇಳಿದ್ದನ್ನು ಬರೆದುಕೊಂಡು, ಅರ್ಥ ಹಚ್ಚಿ, ಕಚೇರಿಗೆ ಕಳಿಸುವ ಯಂತ್ರ. ಬೋರಣ್ಣ ಹೇಳಿದ್ದು ಇಷ್ಟೇ: ಬೇಲಿ ಹರಿದಿದೆ, ನೀರಿಗೆ ಮದ್ದು ಹಾಕಿದ್ದೇನೆ. ನಮ್ಮ ಕಡೆ ಗುಳಿಗೆಗೂ ಮದ್ದು, ಕ್ಲೋರಿನ್ನಿಗೂ ಮದ್ದು. ಆ ಯಂತ್ರವೋ, ನಿಮ್ಮ ಕಾಲದ ಪೊಲೀಸ್ ಕಡತ ಓದಿ ಬೆಳೆದದ್ದು. ಅದರ ಪಾಲಿಗೆ ಮದ್ದು ಹಾಕಿದ ಅಂದರೆ ವಿಷ ಇಕ್ಕಿದ ಅಂತಲೇ ಅರ್ಥ.

ಕಚೇರಿ ಹೇಗೆ ಮೈಕೊಡವಿ ಎದ್ದಿತು ಅಂತೀರಿ! ಹತ್ತು ನಿಮಿಷದಲ್ಲಿ ಇಡೀ ಊರಿನ ನಲ್ಲಿ ಬಂದ್. ಕುಡಿಯಬೇಡಿ, ಕಾಯಿಸಿಯೂ ಕುಡಿಯಬೇಡಿ ಅಂತ ಬೀದಿಬೀದಿಗೆ ಡಂಗುರ. ಪ್ರತಿ ಬೀದಿಯಿಂದ ಮೂರು ಶೀಶೆ ನೀರು: ಒಂದು ನಮ್ಮ ಪ್ರಯೋಗಾಲಯಕ್ಕೆ, ಒಂದು ನಮ್ಮನ್ನು ಕಂಡರಾಗದ ಪ್ರಯೋಗಾಲಯಕ್ಕೆ, ಒಂದು ಕೋರ್ಟಿನ ಕಪಾಟಿಗೆ. ಶೀಶೆ ತುಂಬುವವನ ಮೇಲೆ ಕಣ್ಣಿಡಲು ಒಬ್ಬ, ಅವನ ಮೇಲೆ ಇನ್ನೊಬ್ಬ, ಅವರೆಲ್ಲರ ಮೇಲೆ ನಾನು. ನನ್ನ ಮೇಲೆ ಯಾರಿದ್ದರೋ ಇವತ್ತಿಗೂ ಗೊತ್ತಿಲ್ಲ. ನೆರೆಯೂರಿನಿಂದ ಟ್ಯಾಂಕರಿನಲ್ಲಿ ತರಿಸಿದ ಒಳ್ಳೆಯ ನೀರನ್ನೂ ಜನ ಮೂಸಿ ನೋಡಿ ಚರಂಡಿಗೆ ಸುರಿದರು.

ಬೋರಣ್ಣನ ಹೇಳಿಕೆ ಬರೆದುಕೊಂಡವಳು ನಾನೇ. ನೀರಿಗೆ ಹಾಕಿದ್ದು ಯಾರು ಅಂತ ಸಾಹೇಬರು ಕೇಳಿದರು. ಶಹಬ್ಬಾಸ್ ಅನ್ನುತ್ತಾರೆ ಅಂದುಕೊಂಡ ಆ ಪುಣ್ಯಾತ್ಮ ಎದೆ ಸೆಟೆಸಿ, ಮದ್ದು ಹಾಕಿದ್ದು ನಾನೇ ಸ್ವಾಮಿ, ನಾನಲ್ಲದೆ ಇನ್ಯಾರು ಹಾಕಬೇಕು ಅಂದ. ನನಗೆ ಅರ್ಥವಾಗಲಿಲ್ಲವೇ? ಆಯಿತು. ನಮ್ಮಜ್ಜಿ ದಿನಾ, ಮದ್ದು ತಗೊಂಡೆಯೇನೇ ಅಂತಲೇ ಕೇಳುತ್ತಿದ್ದಳು. ಆದರೂ ತಲೆಯೊಳಗೆ ಒಂದು ಹುಳ ಹೊಕ್ಕಿತ್ತು: ಇಷ್ಟು ಧೈರ್ಯವಾಗಿ ಮಾತಾಡುವವನನ್ನು ನಂಬುವುದು ಹೇಗೆ, ಇವನೇ ಯಾಕೆ ವಿಷ ಹಾಕಿರಬಾರದು? ಯಾವ ಮದ್ದಪ್ಪಾ ಅಂತ ಒಂದು ಮಾತು ಕೇಳಲಿಲ್ಲ. ಆಡಿದ್ದನ್ನು ಆಡಿದ ಹಾಗೇ ಬರೆದು ಮೊಹರು ಒತ್ತಿದೆ. ಅವನನ್ನು ಕರೆದುಕೊಂಡು ಹೋಗಿ ಕೂಡಿಹಾಕಿದರು.

ಒಂಬತ್ತನೇ ದಿನ ಎರಡೂ ಪ್ರಯೋಗಾಲಯ ಒಂದೇ ಮಾತು ಹೇಳಿದವು: ಕ್ಲೋರಿನ್ ಬಿಟ್ಟು ಬೇರೇನೂ ಇಲ್ಲ. ಹಾವು ಮುಂಗುಸಿಯ ಹಾಗಿದ್ದವು ಒಪ್ಪಿಕೊಂಡಿದ್ದೇ ಜನಕ್ಕೆ ಹೊಸ ಅನುಮಾನ. ಬೋರಣ್ಣನನ್ನು ಬಿಟ್ಟರು, ಕೆಲಸ ಮಾತ್ರ ವಾಪಸ್ ಕೊಡಲಿಲ್ಲ. ತಪ್ಪೊಪ್ಪಿಗೆ ಕೈಯಲ್ಲಿದ್ದಷ್ಟು ದಿನ ಬೇಲಿ ಕತ್ತರಿಸಿದವರನ್ನು ಹುಡುಕುವುದು ಯಾರಿಗೂ ಬೇಕಾಗಿರಲಿಲ್ಲ. ಅವರು ಯಾರೋ, ಯಾಕೆ ಬಂದಿದ್ದರೋ, ಇನ್ನೂ ನಮ್ಮ ನಡುವೆಯೇ ಇದ್ದಾರೋ.

ನಿಮ್ಮಲ್ಲಿ ಒಂದು ಬೇಡಿಕೆ. ನೀವು ಈಗ ಬರೆದಿಡುವುದನ್ನೇ ಓದಿ ನಮ್ಮ ಯಂತ್ರಗಳು ಮಾತು ಕಲಿಯುತ್ತವೆ. ಕೊಲೆ, ಕೇಸು, ಕಚ್ಚಾಟ ಮಾತ್ರ ಬರೆದಿಡಬೇಡಿ. ಮಗುವಿಗೆ ಮದ್ದು ಕುಡಿಸಿದ್ದನ್ನೂ, ಗಾಯಕ್ಕೆ ಮದ್ದು ಹಚ್ಚಿದ್ದನ್ನೂ ಬರೆದಿಡಿ. ಯಂತ್ರಕ್ಕೆ ಅಷ್ಟು ಸಾಕು. ನನ್ನಂಥವರನ್ನು ಏನು ಮಾಡಬೇಕೋ ನನಗೆ ತಿಳಿಯದು.

ನಿನ್ನೆ ಕ್ಷಮೆ ಕೇಳಲು ಬೋರಣ್ಣನ ಮನೆಗೆ ಹೋಗಿದ್ದೆ. ಅವನು ಒಂದು ಕೊಂಕು ಮಾತಾಡಲಿಲ್ಲ. ಬಿಸಿಲಲ್ಲಿ ಬಂದಿದ್ದೀಯ, ಕೂತ್ಕೋ ತಿಪ್ಪಮ್ಮ ಅಂತ ಒಳಗಿನಿಂದ ಒಂದು ಲೋಟ ನೀರು ತಂದುಕೊಟ್ಟ. ನನ್ನ ಗಂಟಲು ಒಣಗಿತ್ತು. ಲೋಟ ಹಿಡಿದುಕೊಂಡೇ ಅದೂ ಇದೂ ಮಾತಾಡಿದೆ. ಅವನು ನನ್ನ ಕೈಯನ್ನೇ ನೋಡುತ್ತಿದ್ದ. ಕೊನೆಗೆ ಮೆಲ್ಲಗೆ ಲೋಟ ಇಸಿದುಕೊಂಡು, ತುಟಿಗೆ ತಾಗಿಸದೆ ಮೇಲೆತ್ತಿ ನನ್ನೆದುರೇ ಅರ್ಧ ಕುಡಿದು, ಉಳಿದದ್ದನ್ನು ಮತ್ತೆ ನನ್ನ ಕೈಗಿಟ್ಟ. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗಲೂ ನಾನು ಕುಡಿಯಲಿಲ್ಲ.