ದಾರವಿಲ್ಲದ ಸೂಜಿ

ತಮ್ಮಾ,

ನನಗೆ ಬೆಳಗಿನ ಪಾಳಿ, ಎಬ್ಬಿಸದೆ ಹೊರಟಿದ್ದೇನೆ. ಹಣೆ ಮುಟ್ಟಿ ನೋಡಿದೆ, ಇವತ್ತೂ ಬಿಸಿ ಇದೆ.

ಈ ಚೀಟಿಯ ಮೇಲಿಟ್ಟ ಡಬ್ಬಿ ಟಿಬಿ ಪರೀಕ್ಷೆಗೆಂದು ಆಸ್ಪತ್ರೆಯವರು ಕೊಟ್ಟದ್ದು. ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಕಿಟಕಿ ತೆಗೆದು, ಎದೆಯಾಳದಿಂದ ಕೆಮ್ಮಿ ಅದರಲ್ಲಿ ಉಗಿ. ಅವರಿಗೆ ಬೇಕಾದದ್ದು ಕಫ, ಎಂಜಲಲ್ಲ. ಮುಚ್ಚಳ ಬಿಗಿ ಮಾಡಿ ನೀನೇ ಒಯ್ದು ಕೊಡು. ಕಾಫಿ ಆಮೇಲೆ.

"ಎಚ್‌ಐವಿ ಮಾತ್ರೆ ತಪ್ಪದೆ ನುಂಗ್ತಿದೀನಲ್ಲಕ್ಕಾ, ಈ ಕೆಮ್ಮು ಬರೀ ಬಟ್ಟೆ ಧೂಳಿಂದ" ಅಂತ ರಾಗ ಎಳೆಯಬೇಡ. ನರ್ಸಮ್ಮನನ್ನು ಕೇಳಿಕೊಂಡೇ ಬಂದಿದ್ದೇನೆ. ಆ ಮಾತ್ರೆ ನುಂಗುವವರಿಗೂ ಟಿಬಿ ಬರಬಹುದಂತೆ. ಬೇಗ ಹಿಡಿದರೆ ವಾಸಿಯಾಗುತ್ತದಂತೆ, ತಡಮಾಡಿದರೆ ಎಚ್‌ಐವಿ ಇರುವ ಮೈಯಲ್ಲಿ ಬೇಗ ಹಬ್ಬುತ್ತದಂತೆ. ಅದನ್ನು ಕೇಳಿದ ಮೇಲೆ ನನಗೆ ಅನ್ನ ಇಳಿದಿಲ್ಲ. ನೀನಾದರೂ ಉಣ್ಣು, ಒಲೆಯ ಮೇಲಿದೆ.

ಇನ್ನೊಂದು ಮಾತು. ನಿನ್ನೆ ಸಂಜೆ ನಾನು ಅಡುಗೆಮನೆಯಲ್ಲಿದ್ದಾಗ ನೀನು ಹೊಲಿಗೆ ಮಿಷನ್ ಜೋರಾಗಿ ತುಳಿಯುತ್ತಿದ್ದೆಯಲ್ಲ, ಪಾಪ, ಮೈ ಮುರಿದು ದುಡೀತಿದ್ದಾನೆ ಅಂದುಕೊಂಡಿದ್ದೆ. ಈಗ ಕಸ ಗುಡಿಸುವಾಗ ನೋಡಿದರೆ ಬಟ್ಟೆಯ ತುಂಬ ಸೂಜಿ ಚುಚ್ಚಿದ ತೂತು, ಒಂದು ಹೊಲಿಗೆಯೂ ಇಲ್ಲ. ಸೂಜಿಗೆ ದಾರವೇ ಇಲ್ಲ ಮಹರಾಯ. ಕೆಮ್ಮು ನನಗೆ ಕೇಳಬಾರದೆಂದು ಬರಿಯ ಮಿಷನ್ ತುಳಿದೆಯಾ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯ್ತು.

ಬೈಯುತ್ತಿಲ್ಲ. ಆದರೆ ಇನ್ನು ಆ ಸದ್ದು ಕೇಳಿದರೆ ನನ್ನ ಜೀವ ಬಾಯಿಗೆ ಬರುತ್ತದೆ.

ಸೂಜಿಗೆ ದಾರ ಪೋಣಿಸಿಟ್ಟಿದ್ದೇನೆ. ಹೊಲಿಯುವುದಕ್ಕೆ ಮಾತ್ರ ಮಿಷನ್ ತುಳಿ. ಕೆಮ್ಮು ಬಂದರೆ ನನಗೆ ಕೇಳುವ ಹಾಗೆ ಕೆಮ್ಮು.

ಅಕ್ಕ